ಒಂಬತ್ತನೆಯ ತೂತು

ಒಂಟಿಕೊಪ್ಪಲ್, ಮೈಸೂರು
12 ಜೂನ್ 2024

ಗಗನ,

ಲಕೋಟೆಯ ಮೇಲಿನ ಕೋಳಿಕಾಲಿನ ಅಕ್ಷರ ನೋಡಿಯೇ ಇದು ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಹರಿದು ಹಾಕದೆ ಇಲ್ಲಿಯವರೆಗೆ ಓದಿದ್ದರೆ ಅದೇ ದೊಡ್ಡದು. ನಿನ್ನ ಫೋನ್ ನಂಬರ್ ಸಿಕ್ಕಿತ್ತು. ಮೂರು ಸಲ ಒತ್ತಿ ಮೂರು ಸಲವೂ ಕಟ್ ಮಾಡಿದೆ. ಫೋನಿನಲ್ಲಿ ಮುದುಕನೊಬ್ಬ ತಡವರಿಸಿದರೆ ಆ ಕಡೆಯವರಿಗೆ ಅಯ್ಯೋ ಅನ್ನಿಸುತ್ತದೆ. ಹಾಗೆ ಅನ್ನಿಸಿ ಕ್ಷಮೆ ಗಿಟ್ಟಿಸುವುದು ಬೇಡ ಎಂದು ಕಾಗದ ಹಿಡಿದೆ. ಇಲ್ಲಿಂದ ಕೆಸರೆಗೆ ಆಟೋದಲ್ಲಿ ಕಾಲು ಗಂಟೆಯ ದಾರಿ. ನನಗೆ ಹದಿಮೂರು ವರ್ಷ ಹಿಡಿಯಿತು.

ರಿಟೈರಾಗಿ ಹತ್ತು ವರ್ಷವಾದರೂ ಎಲ್ಲಿಂದಲಾದರೂ ಒಂದು ಥೀಸಿಸ್ ‘ಪರೀಕ್ಷಕರಾಗಿ ಓದಿಕೊಡಿ’ ಎಂದು ಬರುತ್ತಲೇ ಇರುತ್ತದೆ. ಹೋದ ವಾರ ಬಂದದ್ದು ಕೆರೆಯ ತಳದ ಕೆಸರಿನ ಮೇಲೆ. ಗಾಳಿ ಸೋಕದ ಸೀಸೆಯೊಳಗೆ ಅಮೋನಿಯಾ ತಿಂಗಳಿಂದ ತಿಂಗಳಿಗೆ ಇಳಿದಿದೆ. ಅದು ಇಳಿದ ಹಾಗೆಲ್ಲ ಮಣ್ಣಿನ ಕೆಂಪು ಹೋಗಿ ಬೂದಿಬಣ್ಣ ಬಂದಿದೆ. ಆಮ್ಲಜನಕವೇ ಇಲ್ಲದ ಕಡೆ ಕೆಲವು ಸೂಕ್ಷ್ಮಜೀವಿಗಳು ಕಬ್ಬಿಣದ ತುಕ್ಕನ್ನು ಉಸಿರಿನ ಬದಲು ಬಳಸಿಕೊಂಡು ಅಮೋನಿಯಾವನ್ನು ಅರಗಿಸಿಕೊಳ್ಳುತ್ತವೆ, ತುಕ್ಕು ಕರಗಿ ನೀರಿಗಿಳಿಯುತ್ತದೆ. ಆಮೇಲೆ ಒಂದಿಷ್ಟು ನೈಟ್ರೇಟ್ ಸಿಕ್ಕಿದರೆ ಬೇರೆ ಜೀವಿಗಳು ಆ ಕರಗಿದ ಕಬ್ಬಿಣವನ್ನು ಮತ್ತೆ ತುಕ್ಕಾಗಿಸುತ್ತವೆ, ಅದಕ್ಕೂ ಗಾಳಿ ಬೇಡ. ಕೊನೆಗೆ ಸಾರಜನಕ ಗುಳ್ಳೆಯಾಗಿ ಮೇಲೆದ್ದು ಹೋಗುತ್ತದೆ. ನಲವತ್ತನೆಯ ಪುಟಕ್ಕೆ ಬರುವಷ್ಟರಲ್ಲಿ ಕನ್ನಡಕ ತೆಗೆದಿಟ್ಟು ಕೂತುಬಿಟ್ಟೆ. ಇದೆಲ್ಲ ನೀನು 2011ರಲ್ಲೇ ನನ್ನ ಮೇಜಿನ ಮೇಲೆ ತಂದಿಟ್ಟದ್ದು.

ನೀನು ಮೊದಲನೆಯ ದಿನ ನನ್ನ ಕೋಣೆಗೆ ಬಂದಾಗ ಕೇಳಿದ ಪ್ರಶ್ನೆ ನೆನಪಿದೆ. ‘ನಮ್ಮಪ್ಪ ಗದ್ದೆಗೆ ಯೂರಿಯಾ ಹಾಕ್ತಾರೆ ಸರ್. ಗಾಳಿನೇ ಆಡದ ಕೆಸರಲ್ಲಿ ಅದು ಎಲ್ಲಿಗೆ ಹೋಗುತ್ತೆ?’ ಎಂದಿದ್ದೆ. ನಾನು ನಕ್ಕಿದ್ದೆ. ಎರಡು ವರ್ಷದ ನಂತರ ಉತ್ತರ ತಂದಾಗಲೂ ನಕ್ಕೆ. ಗಾಳಿಯೂ ಇಲ್ಲ, ನೈಟ್ರೈಟೂ ಇಲ್ಲ, ಅಮೋನಿಯಾ ಎಲ್ಲಿಗಮ್ಮ ಹೋಗುತ್ತೆ, ನಿನ್ನ ಸೀಸೆ ಸೋರಿದೆ ಎಂದೆ. ಹೊರದೇಶದವರು ಆಗಲೇ ಬರೆದಿದ್ದ ಒಂದೆರಡು ಲೇಖನಗಳ ಪ್ರತಿಯನ್ನೂ ನೀನು ತೆಗೆದು ಕೊಟ್ಟಿದ್ದೆ. ನಾನು ಅದರ ಪಿನ್ನೂ ಬಿಚ್ಚಲಿಲ್ಲ. ಹನ್ನೊಂದು ತಿಂಗಳ ಕೆಲಸವನ್ನು ಚರಂಡಿಗೆ ಸುರಿಸಿ, ನಿನ್ನ ಪಿಎಚ್‌ಡಿ ಕಮಿಟಿಯ ಎದುರಿಗೂ ಅದೇ ಮಾತು ಹೇಳಿದೆ. ನೀನು ಬಿಟ್ಟು ಹೋದೆ.

ನೀನು ಸರಿ, ನಾನು ತಪ್ಪು. ಇಷ್ಟು ಬರೆಯಲು ನಾಲ್ಕು ಹಾಳೆ ಹಾಳಾಯಿತು. ನಿನ್ನ ನೋಟ್‌ಬುಕ್ಕುಗಳು ನನ್ನ ಬೀರುವಿನಲ್ಲಿವೆ. ಬಂದು ತೆಗೆದುಕೊಂಡು ಹೋಗುತ್ತೀಯಾ?

ಇಂತು,
ಸುಂದರೇಶ


ಕೆಸರೆ
3 ಜುಲೈ 2024

ಸುಂದರೇಶ ಸರ್ ಅವರಿಗೆ,

ಕಾಗದ ತಲುಪಿತು. ಹರಿಯಲಿಲ್ಲ. ಆದರೆ ಕೂಡಲೇ ಉತ್ತರ ಬರೆಯುವಷ್ಟು ಒಳ್ಳೆಯವಳೂ ಅಲ್ಲ.

ನಾನು ಸರಿ ಎಂದು ನನಗೆ ಗೊತ್ತಿತ್ತು ಸರ್. ಬಿಟ್ಟ ಮೇಲೂ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೆ. ಇಂಥದ್ದೇ ಫಲಿತಾಂಶ ಬೇರೆಯವರ ಹೆಸರಿನಲ್ಲಿ ಬಂದಾಗ ಒಂದು ದಿನ ಅನ್ನ ಬಿಟ್ಟೆ, ಮಾರನೇ ದಿನ ತಿಂದೆ. ಈಗ ನಾನು ಅಪಾರ್ಟ್‌ಮೆಂಟುಗಳ ಕೊಳಚೆ ನೀರು ಶುದ್ಧ ಮಾಡುವ ಘಟಕಗಳನ್ನು ನೋಡಿಕೊಳ್ಳುತ್ತೇನೆ. ಕುವೆಂಪುನಗರದಲ್ಲೇ ಏಳು ಇವೆ. ಅರ್ಧ ಬಡಾವಣೆಯ ಕಕ್ಕಸಿನ ನೀರು ನನ್ನ ಕೈಯಲ್ಲಿ ಹಾದುಹೋಗುತ್ತದೆ ಎಂದು ಅಮ್ಮ ಯಾರಿಗೂ ಹೇಳುವುದಿಲ್ಲ, ‘ಮಗಳು ವಾಟ್ರು ಇಂಜಿನಿಯರ್ರು’ ಎನ್ನುತ್ತಾರೆ. ಒಂದು ಟ್ಯಾಂಕಿಗೆ, ಗಾಳಿ ಊದದೆ ಬಿಡುವ ಕೋಣೆಗೆ, ಲೇತ್ ಅಂಗಡಿಯಿಂದ ತಂದ ತುಕ್ಕು ಹಿಡಿದ ಕಬ್ಬಿಣದ ಚೂರು ಸುರಿದೆ. ಆ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಚಂದ್ರಮೌಳಿಯವರು ಓಡಿ ಬಂದರು. ‘ಏನ್ರೀ ಮೇಡಂ, ನಮ್ ಟ್ಯಾಂಕಿಗೆ ಗುಜರಿ ತುಂಬ್ತಿದೀರಂತಲ್ಲ!’ ಮೂರು ತಿಂಗಳಲ್ಲಿ ಅಮೋನಿಯಾ ಅರ್ಧಕ್ಕಿಳಿದಿದೆ, ವಾಸನೆಯೂ ಕಡಿಮೆ. ಈಗ ಅವರೇ ‘ಇನ್ನೊಂದ್ ಚೀಲ ಹಾಕ್ಸಿ’ ಎನ್ನುತ್ತಾರೆ. ಆದ್ದರಿಂದ ವಿಜ್ಞಾನದ ವಿಷಯಕ್ಕೆ ನೀವು ನನ್ನನ್ನು ಸಮಾಧಾನ ಮಾಡಬೇಕಿಲ್ಲ.

ನನಗೆ ಬೇಕಾಗಿರುವುದು ಬೇರೆ. ನಿಮಗೆ ನೆನಪಿದೆಯೋ ಇಲ್ಲವೋ, ಆರು ಸೀಸೆಗಳಿದ್ದವು. ಮೂರರಲ್ಲಿ ಜೀವವಿದ್ದ ಕೆಸರು, ಮೂರರಲ್ಲಿ ಹೋಲಿಕೆಗೆಂದು ಬೇಯಿಸಿ ಸಾಯಿಸಿದ ಕೆಸರು. ಒಂದೂವರೆ ತಿಂಗಳಿಗೊಮ್ಮೆ ಸೂಜಿ ಚುಚ್ಚಿ ಸ್ವಲ್ಪ ನೀರು ತೆಗೆಯುತ್ತಿದ್ದೆ. ಪ್ರತಿ ಸಲವೂ ರಬ್ಬರ್ ಬಿರಡೆಯ ಮೇಲೆ ಚುಚ್ಚಿದ ಜಾಗದ ಪಕ್ಕ ನೀಲಿ ಇಂಕಿನ ಚುಕ್ಕೆ ಇಡುತ್ತಿದ್ದೆ. ‘ರಂಗೋಲಿ ಇಡ್ತಿದೀಯಾ?’ ಎಂದು ನೀವೇ ರೇಗಿಸುತ್ತಿದ್ದಿರಿ. ಆ ಭಾನುವಾರ ನಾನು ಅಕ್ಕನ ಮದುವೆಗೆ ನಂಜನಗೂಡಿಗೆ ಹೋಗಿದ್ದೆ. ಸೋಮವಾರ ಬಂದು ನೋಡಿದರೆ ಜೀವವಿದ್ದ ಮೂರೂ ಸೀಸೆಗಳ ನೀರು ಗುಲಾಬಿಯಾಗಿತ್ತು. ಗಾಳಿ ಹೊಕ್ಕರೆ ಗುಲಾಬಿಯಾಗಲಿ ಎಂದೇ ಬಣ್ಣ ಹಾಕಿಟ್ಟಿದ್ದು. ಬೇಯಿಸಿದ ಮೂರು ಹಾಗೆಯೇ ಇದ್ದವು.

ನೀವು ಅವತ್ತೇ ಎಲ್ಲವನ್ನೂ ಸುರಿಯಲು ಹೇಳಿದಿರಿ. ಸುರಿಯುವ ಮೊದಲು ಬಿರಡೆಗಳನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಮೂರರ ಮೇಲೂ ಎಂಟೆಂಟು ಚುಕ್ಕೆ, ಒಂಬತ್ತೊಂಬತ್ತು ತೂತು. ಒಂಬತ್ತನೆಯದು ದಪ್ಪ ಸೂಜಿಯದು, ರಬ್ಬರ್ ಮತ್ತೆ ಮುಚ್ಚಿಕೊಳ್ಳದಷ್ಟು ದಪ್ಪ. ಅದನ್ನು ಕಮಿಟಿಗೆ ಯಾಕೆ ತೋರಿಸಲಿಲ್ಲ ಎಂಬುದಕ್ಕೆ ನನ್ನದೇ ಕಾರಣವಿತ್ತು. ಆದರೆ ಲ್ಯಾಬ್ ನಿಮ್ಮದು. ಆ ಭಾನುವಾರ ಯಾರು ಬಂದಿದ್ದರು ಎಂದು ನಿಮಗೆ ಗೊತ್ತೇ? ಅಷ್ಟೇ ನನ್ನ ಪ್ರಶ್ನೆ. ನೋಟ್‌ಬುಕ್ಕು ನಿಮ್ಮಲ್ಲೇ ಇರಲಿ.

ಗಗನ


ಒಂಟಿಕೊಪ್ಪಲ್
20 ಆಗಸ್ಟ್ 2024

ಗಗನ,

ತಡವಾಯಿತು. ರಮಾಮಣಿಯ ಮಂಡಿನೋವು ಹೆಚ್ಚಾಗಿ ಡಾಕ್ಟರು, ಎಕ್ಸ್‌ರೇ ಎಂದು ತಿಂಗಳೇ ಕಳೆದುಹೋಯಿತು. ವರಮಹಾಲಕ್ಷ್ಮಿ ಹಬ್ಬಕ್ಕೆ ಅವಳು ಕುರ್ಚಿಯಲ್ಲಿ ಕೂತು ಅಪ್ಪಣೆ ಕೊಡುವುದು, ನಾನು ಒಬ್ಬಟ್ಟು ತಟ್ಟುವುದು. ಒಂದೂ ಗುಂಡಗಾಗಲಿಲ್ಲ. ‘ನಿಮ್ಮ ಗ್ರಾಫುಗಳ ಹಾಗೇ ಇವೆ ಕಣ್ರೀ’ ಎಂದಳು.

ನಿನ್ನ ಕಬ್ಬಿಣದ ಚೂರಿನ ಸುದ್ದಿ ಓದಿ ಸಂತೋಷವಾಯಿತು. ನಿಜವಾಗಿ ಆಯಿತು. ನೈಟ್ರೇಟನ್ನೂ ಅಳೆಯುತ್ತಿದ್ದೀಯಾ? ಕರಗಿದ ಕಬ್ಬಿಣ ಮತ್ತೆ ತುಕ್ಕಾಗಿ ಕೂರುತ್ತಿದ್ದರೆ ಚೂರು ಬಹಳ ದಿನ ಬರುತ್ತದೆ, ಪದೇ ಪದೇ ಸುರಿಯಬೇಕಾಗುವುದಿಲ್ಲ.

ನೀನು ಕೇಳಿದ್ದಕ್ಕೆ ಬರುತ್ತೇನೆ. ಹದಿಮೂರು ವರ್ಷದ ಹಿಂದಿನ ಒಂದು ಭಾನುವಾರ. ಲ್ಯಾಬಿನ ಬೀಗದ ಕೈ ಎಷ್ಟೋ ಜನರ ಹತ್ತಿರ ಇರುತ್ತಿತ್ತು. ದಪ್ಪ ಸೂಜಿ ಎಂದೆಯಲ್ಲ, ಅದನ್ನು ಬಳಸುತ್ತಿದ್ದವನು ಪ್ರಸನ್ನ ಒಬ್ಬನೇ ಎಂದು ನೆನಪು. ಅವನದು ಗೋಬರ್ ಗ್ಯಾಸಿನ ಸಗಣಿ ನೀರು, ಸಣ್ಣ ಸೂಜಿ ಕಟ್ಟಿಕೊಳ್ಳುತ್ತಿತ್ತು. ಅವನ ಥೀಸಿಸ್ಸೂ ಆಗ ಮುಗಿಯುವ ಹಂತದಲ್ಲಿತ್ತು, ಭಾನುವಾರಗಳಲ್ಲೂ ಬರುತ್ತಿದ್ದ. ನಾನು ಯಾರ ಮೇಲೂ ಹೇಳುತ್ತಿಲ್ಲ. ಹುಡುಗ ಒಳ್ಳೆಯವನು. ಅಷ್ಟು ಹಳೆಯದನ್ನು ಈಗ ಕೆದಕಿ ಏನು ಪ್ರಯೋಜನ ಎಂದಷ್ಟೇ ನನ್ನ ಮಾತು.

ನವರಾತ್ರಿಗೆ ಬೊಂಬೆ ಕೂರಿಸುತ್ತೇವೆ. ಒಂದು ಸಂಜೆ ಬಾ.

ಸುಂದರೇಶ


ಕೆಸರೆ
22 ಸೆಪ್ಟೆಂಬರ್ 2024

ಸರ್,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನೀವು ಯಾರ ಮೇಲೂ ಹೇಳುತ್ತಿಲ್ಲ ಎಂದರೂ ನಿಮಗೂ ಅವನ ಮೇಲೇ ಅನುಮಾನ ಎಂದು ತಿಳಿಯಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಓದಿ ಹಗುರಾಯಿತು. ಇಷ್ಟು ವರ್ಷ ನನ್ನೊಳಗೆ ಒಂದು ಮುಳ್ಳಿತ್ತು, ನಾನೇ ತಪ್ಪು ತಿಳಿದಿದ್ದರೆ ಎಂದು.

ಈಗ ಆ ಕಾರಣವನ್ನೂ ಹೇಳಿಬಿಡುತ್ತೇನೆ. ಪ್ರಸನ್ನ ಮತ್ತು ನಾನು ಮದುವೆಯಾಗುವುದೆಂದು ಮಾತಾಗಿತ್ತು. ನಿಮಗೆ ಗೊತ್ತಿರಲಿಲ್ಲ, ಲ್ಯಾಬಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರ ಮನೆಯವರು ಬಂದು ಕಾಫಿ ಕುಡಿದು ಹೋಗಿದ್ದರು. ಬಿರಡೆಯ ತೂತು ನೋಡಿದ ಕೂಡಲೇ ಅದು ಅವನ ಡ್ರಾಯರಿನ ಸೂಜಿ ಎಂದು ಗುರುತಾಯಿತು. ಏನೋ ಆತುರದಲ್ಲಿ ನನ್ನ ಸೀಸೆ ಮುಟ್ಟಿದ್ದಾನೆ, ಹೇಳಲು ಹೆದರುತ್ತಿದ್ದಾನೆ ಎಂದುಕೊಂಡೆ. ಆ ತಿಂಗಳೇ ಅವನ ಥೀಸಿಸ್ ಹೋಗಬೇಕಿತ್ತು. ಕಮಿಟಿಯ ಮುಂದೆ ಬಿರಡೆ ತೋರಿಸಿದರೆ ಅವನದು ಮುಗಿಯುತ್ತಿತ್ತು. ಬಾಯಿ ಮುಚ್ಚಿಕೊಂಡೆ. ಅವನಾಗಿಯೇ ಬಂದು ಒಪ್ಪಿಕೊಳ್ಳುತ್ತಾನೆ ಎಂದು ಸಂಜೆಯವರೆಗೆ ಕಾದೆ. ಬರಲಿಲ್ಲ. ನಾನೇ ಹೋಗಿ ಬಿರಡೆ ಹಿಡಿದು ಕೇಳಿದೆ.

‘ಸೂಜಿ ನಂದೇ. ನಾನ್ ಚುಚ್ಚಿಲ್ಲ ಗಗನ’ ಎಂದ.

‘ಮತ್ತೆ ಯಾರು?’ ಎಂದರೆ ನೆಲ ನೋಡಿದ.

ಆಮೇಲೆ ಎರಡು ಸಲ ಕೆಸರೆಗೆ ಬಂದ. ಎರಡನೆಯ ಸಲ ನಾನು ಒಳಗಿನಿಂದ ಎದ್ದು ಬರಲೇ ಇಲ್ಲ. ಅಮ್ಮನೇ ಜಗುಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟು ಕಳಿಸಿದರು. ‘ಆ ಹುಡ್ಗ ಅಂಗೆಲ್ಲ ಮಾಡೋನಲ್ಲ ಕಣವ್ವ. ಎಂಗೆ ಅಂತೀಯೆ ನೀನು? ಕ್ವಾಪ ಬುಡು’ ಎಂದು ವಾರಗಟ್ಟಲೆ ಹೇಳಿದರು. ನಾನು ಬಿಡಲಿಲ್ಲ. ಅವನು ಬೇರೆ ಮದುವೆಯಾದ. ನನಗೆ ಆಮೇಲೆ ಯಾರೂ ಸರಿಹೋಗಲಿಲ್ಲ. ಅವನ ಮನೆ ಕುವೆಂಪುನಗರದಲ್ಲೇ ಇದೆ. ಆ ರಸ್ತೆ ತಪ್ಪಿಸಿ ಸುತ್ತು ಹಾಕಿಕೊಂಡು ಸ್ಕೂಟರ್ ಓಡಿಸುತ್ತೇನೆ.

ನಿಮ್ಮ ಮೇಲಿನ ಸಿಟ್ಟು ಬಹುಪಾಲು ಇಳಿದಿದೆ ಸರ್. ನೀವು ಕಣ್ಣಿಗೆ ಕಂಡ ಗುಲಾಬಿ ಬಣ್ಣ ನೋಡಿ ಸೋರಿದೆ ಎಂದಿರಿ, ಅಷ್ಟೇ ತಾನೇ. ಬೊಂಬೆ ನೋಡಲು ಬರುತ್ತೇನೆ. ಮೇಡಂಗೆ ಹೇಳಿ, ನನಗೆ ಕಡಲೆ ಉಸಲಿ ಬೇಕು.

ನಿಮ್ಮ ವಿದ್ಯಾರ್ಥಿನಿ,
ಗಗನ


ಒಂಟಿಕೊಪ್ಪಲ್
28 ಅಕ್ಟೋಬರ್ 2024

ಗಗನ,

ನೀನು ಬಂದು ಹೋಗಿ ಮೂರು ವಾರವಾಯಿತು. ರಮಾಮಣಿ ಇನ್ನೂ ಅದೇ ಮಾತಾಡುತ್ತಿದ್ದಾಳೆ. ಉಸಲಿಗೆ ಎರಡನೇ ಸಲ ತಟ್ಟೆ ಚಾಚಿದೆಯಂತೆ, ಬೊಂಬೆಗಳ ಪಾರ್ಕಿನಲ್ಲಿ ಕೊಳದ ನೀರು ಹಸಿರಾಗಿದೆ ಎಂದು ಬೈದೆಯಂತೆ. ಹೊರಡುವಾಗ ನೀನು ಬಗ್ಗಿ ನನ್ನ ಕಾಲು ಮುಟ್ಟಿದೆ. ಅವತ್ತಿನಿಂದ ನನಗೆ ಊಟ ಸೇರುತ್ತಿಲ್ಲ.

ಆ ಸೂಜಿ ಚುಚ್ಚಿದವನು ನಾನು.

ಪ್ರಸನ್ನನಿಗೂ ಅದಕ್ಕೂ ಸಂಬಂಧವಿಲ್ಲ. ಭಾನುವಾರ ಮಧ್ಯಾಹ್ನ ಊಟ ಮಾಡಿ ಲ್ಯಾಬಿಗೆ ಹೋದೆ, ಅಲ್ಲಿ ಯಾರೂ ಇರಲಿಲ್ಲ. ಮಂಗಳವಾರ ಕಮಿಟಿ. ಇದು ಸಾಧ್ಯವಿಲ್ಲ ಎಂದು ಅವರಲ್ಲಿ ಇಬ್ಬರಿಗೆ ಮೊದಲೇ ಹೇಳಿಬಿಟ್ಟಿದ್ದೆ. ಒಳಗೊಳಗೇ ನೀನು ಸರಿಯಿದ್ದರೆ ಏನು ಗತಿ ಎಂಬ ಅಳುಕಿತ್ತು. ನಾನೇ ಒಂದು ಸಲ ಅಳೆದು ನೋಡಿಬಿಡೋಣ ಎಂದುಕೊಂಡೆ. ನಿನ್ನ ಸೂಜಿಗಳು ಎಲ್ಲಿವೆ ಎಂದು ಗೊತ್ತಾಗಲಿಲ್ಲ. ಪ್ರಸನ್ನನ ಡ್ರಾಯರ್ ಎಳೆದು ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡೆ.

ಸೀಸೆಯಿಂದ ಹತ್ತು ಮಿಲಿ ನೀರು ಎಳೆಯಬೇಕಾದರೆ ಮೊದಲು ಅಷ್ಟೇ ಅನಿಲವನ್ನು ಒಳಕ್ಕೆ ತಳ್ಳಬೇಕು, ಇಲ್ಲದಿದ್ದರೆ ನೀರು ಬರುವುದಿಲ್ಲ. ಸಿರಿಂಜನ್ನು ಸಿಲಿಂಡರಿನ ನೈಟ್ರೋಜನ್ನಿನಿಂದ ಮೂರು ಸಲ ತುಂಬಿ ಮೂರು ಸಲ ಖಾಲಿ ಮಾಡಿ, ಆಮೇಲೆ ತುಂಬಿದ್ದನ್ನು ತಳ್ಳಬೇಕು. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಮೊದಲನೇ ಪಾಠವೇ ಅದು. ಬಾಯಲ್ಲಿ ಹೇಳುತ್ತಿದ್ದೆ ಅಷ್ಟೇ, ಕೈಯಲ್ಲಿ ಮಾಡಿ ಹತ್ತು ವರ್ಷವಾಗಿತ್ತು. ಕೋಣೆಯ ಗಾಳಿ ತುಂಬಿದ್ದ ಸಿರಿಂಜನ್ನೇ ಹಾಗೆ ಚುಚ್ಚಿ ಒತ್ತಿದೆ. ಮೂರೂ ಸೀಸೆಗೆ. ಮೂರನೆಯದನ್ನು ಚುಚ್ಚಿ ಕೈ ತೆಗೆಯುವಾಗ ಹೊಳೆಯಿತು.

ಅಳೆದೂ ನೋಡಿದೆ ಗಗನ. ಗಾಳಿ ಹೊಕ್ಕ ಗಳಿಗೆಯಲ್ಲೇ ತೆಗೆದ ನೀರದು, ಲೆಕ್ಕ ಕೆಡಲು ಹೊತ್ತೇ ಆಗಿರಲಿಲ್ಲ. ನಿನ್ನ ನೋಟ್‌ಬುಕ್ಕಿನ ಗೆರೆ ಎಲ್ಲಿಗೆ ಬರಬೇಕಿತ್ತೋ ಅಲ್ಲಿಗೇ ಬಂತು. ನೀನು ಸರಿ ಎಂದು ನನಗೆ ಈ ಜೂನ್‌ನಲ್ಲಿ ಗೊತ್ತಾದದ್ದಲ್ಲ, ಆ ಭಾನುವಾರ ಸಂಜೆ ನಾಲ್ಕೂವರೆಗೇ ಗೊತ್ತಾಯಿತು. ನನ್ನ ಮೊದಲನೆಯ ಕಾಗದವೂ ಸುಳ್ಳು.

ಸೋಮವಾರ ಬೆಳಿಗ್ಗೆ ನೀನು ಸೀಸೆ ಹಿಡಿದು ಅಳುತ್ತಾ ಬಂದಾಗ ಹೇಳಬಹುದಿತ್ತು. ಹೇಳಿದ್ದರೆ ಕಮಿಟಿಯವರು ನಗುತ್ತಿದ್ದರು, ಅಷ್ಟೇ ಆಗುತ್ತಿದ್ದದ್ದು. ಸೋರಿದೆ ಎಂದು ನಾನು ಮೊದಲಿನಿಂದ ಹೇಳುತ್ತಿದ್ದ ಮಾತಿಗೆ ಸಾಕ್ಷಿ ಕಣ್ಣೆದುರು ಗುಲಾಬಿಯಾಗಿ ನಿಂತಿತ್ತು. ಅದನ್ನೇ ಬಳಸಿಕೊಂಡೆ. ಪ್ರಸನ್ನನ ಮೇಲೆ ನಿನಗೆ ಅನುಮಾನ ಬಂದದ್ದು ನನಗೆ ಗೊತ್ತಿರಲಿಲ್ಲ. ಆದರೆ ಆಗಸ್ಟಿನಲ್ಲಿ ಅವನ ಹೆಸರು ಬರೆದವನು ನಾನೇ, ತಿಳಿದೂ ತಿಳಿದೂ ಬರೆದೆ. ನೀನು ಅದಕ್ಕೆ ನನ್ನನ್ನು ಕ್ಷಮಿಸಿದೆ. ಆ ಕ್ಷಮೆಯನ್ನು ಇಟ್ಟುಕೊಂಡು ಸಾಯೋಣ ಎಂದು ಮೂರು ವಾರ ಪ್ರಯತ್ನಪಟ್ಟೆ. ಆಗಲಿಲ್ಲ.

ನಾವಿದ್ದ ಸಂಸ್ಥೆಗೆ ಇದನ್ನೆಲ್ಲ ಬರೆದು ಸಹಿ ಹಾಕಿ ಕಳಿಸಿದ್ದೇನೆ. ಪ್ರತಿ ಇದರ ಜೊತೆಗಿದೆ. ರಮಾಮಣಿಗೂ ಹೇಳಿದೆ. ಅವಳು ಎರಡು ದಿನದಿಂದ ಮಾತಾಡಿಲ್ಲ.

ಸುಂದರೇಶ


ಕೆಸರೆ
14 ಜನವರಿ 2025

ಸರ್,

ಎಳ್ಳುಬೆಲ್ಲ ಬೀರುವ ದಿನ ಜಗಳದ ಕಾಗದ ಬರೆಯಬಾರದು ಎಂದು ಅಮ್ಮ ಹೇಳುತ್ತಿದ್ದಾರೆ. ಎರಡೂವರೆ ತಿಂಗಳು ತಡೆದಿದ್ದೇನೆ, ಇನ್ನು ಆಗುವುದಿಲ್ಲ.

ಸಂಸ್ಥೆಯಿಂದ ನನಗೆ ಫೋನ್ ಬಂದಿತ್ತು. ಮತ್ತೆ ಸೇರುತ್ತೀರಾ, ವಯಸ್ಸಿನ ತೊಂದರೆ ಇಲ್ಲ ಎಂದರು. ಯೋಚನೆ ಮಾಡುತ್ತೇನೆ ಎಂದೆ. ಆ ಮಾತು ಬಿಡಿ. ನೀವು ನನ್ನ ಕೆಲಸ ಕಳೆದಿರಿ, ಅದನ್ನು ನಾನು ಟ್ಯಾಂಕಿನಲ್ಲೋ ಗದ್ದೆಯಲ್ಲೋ ಮತ್ತೆ ಮಾಡಿಕೊಳ್ಳಬಲ್ಲೆ. ಬೈಯಬೇಕೆಂದು ಕೂತರೆ ನನಗೆ ನಿಮ್ಮ ಮುಖವೇ ಬರುತ್ತಿಲ್ಲ. ನೆಲ ನೋಡುತ್ತಾ ನಿಂತ ಪ್ರಸನ್ನ ಬರುತ್ತಾನೆ. ನಾನಲ್ಲ ಎಂದು ಅವನು ಹೇಳಿದ್ದ. ಸ್ಪಷ್ಟವಾಗಿ ಹೇಳಿದ್ದ. ನಾನು ಒಂದು ತೂತನ್ನು ನಂಬಿದೆ, ಅವನನ್ನು ನಂಬಲಿಲ್ಲ. ಆ ತಪ್ಪನ್ನು ನಿಮ್ಮ ತಲೆಗೆ ಕಟ್ಟಲು ಎಷ್ಟು ಹೆಣಗಿದರೂ ಕೂರುತ್ತಿಲ್ಲ.

ಅವನಿಗೆ ನೀವು ಬರೆಯಬೇಡಿ. ಅದು ನನ್ನ ಕೆಲಸ. ನನಗೂ ಸದ್ಯಕ್ಕೆ ಬರೆಯಬೇಡಿ. ಮೇಡಂ ಮಾತಾಡುತ್ತಿದ್ದಾರೆಂದು ತಿಳಿದುಕೊಳ್ಳುತ್ತೇನೆ. ಅವರ ಮಂಡಿಗೆ ನಮ್ಮ ಕಡೆಯ ಎಣ್ಣೆಯೊಂದಿದೆ, ಅಮ್ಮ ಕಳಿಸುತ್ತಾರಂತೆ.

ಗಗನ


ಕೆಸರೆ
20 ಫೆಬ್ರವರಿ 2025

ಪ್ರಸನ್ನ,

ನಾನು ಗಗನ. ಇದನ್ನು ಬರೆಯಲು ಐದು ವಾರ ತೆಗೆದುಕೊಂಡೆ. ಸುಂದರೇಶ ಸರ್ ಹದಿಮೂರು ವರ್ಷ ತೆಗೆದುಕೊಂಡದ್ದಕ್ಕೆ ಮನಸ್ಸಿನಲ್ಲೇ ಬೈದವಳು ನಾನು.

ನನ್ನ ಸೀಸೆಗಳಿಗೆ ಸೂಜಿ ಚುಚ್ಚಿದ್ದು ಅವರು. ಅವರೇ ಬರೆದು ಒಪ್ಪಿಕೊಂಡಿದ್ದಾರೆ. ಭಾನುವಾರ, ಲ್ಯಾಬಿನಲ್ಲಿ ಯಾರೂ ಇಲ್ಲದಾಗ, ನಿನ್ನ ಡ್ರಾಯರಿನಿಂದ ಸೂಜಿ ತೆಗೆದುಕೊಂಡು ಸಿರಿಂಜಿಗೆ ಗ್ಯಾಸ್ ಹಿಡಿಯುವುದನ್ನು ಮರೆತು ಒತ್ತಿದರಂತೆ. ನೀನು ನಾನಲ್ಲ ಎಂದಾಗ ನಾನು ನಂಬಬೇಕಿತ್ತು. ಕ್ಷಮಿಸು.

ನಿನಗೆ ಗೊತ್ತಿಲ್ಲದ ಒಂದು ಮಾತಿದೆ. ಕಮಿಟಿಯ ದಿನ ಆ ಮೂರು ಬಿರಡೆ ನನ್ನ ಜೇಬಿನಲ್ಲಿದ್ದವು. ಸೀಸೆ ಸೋರಿದ್ದು ಹೇಗೆ ಎಂದು ಅವರು ಎರಡು ಸಲ ಕೇಳಿದರು. ತೆಗೆದು ಮೇಜಿನ ಮೇಲಿಟ್ಟಿದ್ದರೆ ನನ್ನ ಕೈಯ ತಪ್ಪಲ್ಲ ಎಂದು ಗೊತ್ತಾಗುತ್ತಿತ್ತು. ಆದರೆ ನಿನ್ನ ಥೀಸಿಸ್ ಆ ವಾರ ಸರ್ ಸಹಿಗೆ ಕಾದಿತ್ತು. ನೀನೇ ಚುಚ್ಚಿದ್ದು ಎಂದುಕೊಂಡು ನಿನ್ನನ್ನು ಉಳಿಸಲು ‘ಗೊತ್ತಿಲ್ಲ’ ಎಂದೆ. ಅಷ್ಟು ಪ್ರೀತಿ ಇದ್ದವಳಿಗೆ ನಿನ್ನ ಒಂದು ಮಾತು ನಂಬುವಷ್ಟು ಇರಲಿಲ್ಲ ಎಂಬುದು ನನಗೇ ಅರ್ಥವಾಗುತ್ತಿಲ್ಲ. ಜಗುಲಿಯಲ್ಲಿ ನೀನು ಮಜ್ಜಿಗೆ ಕುಡಿಯುತ್ತಿದ್ದಾಗ ನಾನು ಬಾಗಿಲ ಹಿಂದೆಯೇ ನಿಂತಿದ್ದೆ. ಲೋಟ ಕೆಳಗಿಟ್ಟ ಸದ್ದು ಕೇಳಿತು. ಕ್ಷಮಿಸು.

ನಿನ್ನ ಸಂಸಾರಕ್ಕೆ ತೊಂದರೆಯಾಗಲಿ ಎಂದು ಬರೆಯುತ್ತಿಲ್ಲ. ನಿನ್ನ ಹೆಂಡತಿಗೆ ತೋರಿಸು, ಮುಚ್ಚಿಡುವಂಥದ್ದೇನೂ ಇದರಲ್ಲಿಲ್ಲ. ಮಾಡದ ತಪ್ಪಿಗೆ ನಿನ್ನನ್ನು ಹೊರಗೆ ನಿಲ್ಲಿಸಿದೆ ಎಂಬುದು ನಿನಗೆ ನನ್ನ ಬಾಯಿಂದಲೇ ಗೊತ್ತಾಗಬೇಕು ಅಷ್ಟೇ. ಉತ್ತರ ಬರೆಯದಿದ್ದರೂ ಸರಿ. ಇನ್ನೊಂದು ಸಲ ಕ್ಷಮಿಸು ಎಂದು ಬರೆದು ನಿಲ್ಲಿಸುತ್ತೇನೆ.

ಗಗನ


ಕುವೆಂಪುನಗರ
9 ಮಾರ್ಚ್ 2025

ಗಗನ,

ನಿನ್ನ ಕಾಗದವನ್ನು ಪೋಸ್ಟ್‌ಮ್ಯಾನ್ ಕೈಯಿಂದ ತೆಗೆದುಕೊಂಡದ್ದು ನನ್ನ ಮಗಳು ತನ್ಮಯಿ. ‘ಯಾರಪ್ಪಾ ಈಗ್ಲೂ ಕಾಗ್ದ ಬರಿಯೋದು?’ ಎಂದಳು. ಜೊತೆಗೆ ಓದಿದವರು ಎಂದೆ. ಎರಡು ವಾರದಿಂದ ನನ್ನ ಬ್ಯಾಗಿನಲ್ಲಿಟ್ಟುಕೊಂಡು ಕಾಲೇಜಿಗೆ ಹೋಗಿ ಬರುತ್ತಿದ್ದೇನೆ. ನೀನು ಸ್ಕೂಟರಿನಲ್ಲಿ ಪಾರ್ಕಿನ ಪಕ್ಕದಿಂದ ಸುತ್ತಿ ಹೋಗುವುದು ನನ್ನ ಮಹಡಿಯ ಕಿಟಕಿಗೆ ಕಾಣುತ್ತದೆ. ಇಷ್ಟು ವರ್ಷದಿಂದ ಕಾಣುತ್ತಿದೆ.

ಆ ಭಾನುವಾರ ಲ್ಯಾಬಿನಲ್ಲಿ ಯಾರೂ ಇರಲಿಲ್ಲ ಎಂದು ಸರ್ ಬರೆದಿದ್ದಾರೆ. ಅವರಿಗೆ ಹಾಗೆ ಅನ್ನಿಸಿರಬೇಕು. ನಾನು ಹಿಂದಿನ ಸ್ಟೋರಿನ ಸಿಂಕಿನಲ್ಲಿ ಸೀಸೆ ತೊಳೆಯುತ್ತಿದ್ದೆ. ಅವರು ಬಂದ ಸದ್ದಿಗೆ ನಲ್ಲಿ ನಿಲ್ಲಿಸಿದೆ. ಬಾಗಿಲು ಅರ್ಧ ತೆರೆದಿತ್ತು. ನನ್ನ ಡ್ರಾಯರ್ ಎಳೆದದ್ದು ನೋಡಿದೆ. ನಿನ್ನ ಸೀಸೆಗಳನ್ನು ಸ್ಟ್ಯಾಂಡಿನಿಂದ ತೆಗೆದದ್ದು ನೋಡಿದೆ. ಸಿರಿಂಜ್ ಹಿಡಿದು ಸಿಲಿಂಡರಿನ ಕಡೆಗೆ ತಿರುಗದೆ ನೇರವಾಗಿ ಮೇಜಿಗೆ ಬಂದರು. ‘ಸರ್, ಗ್ಯಾಸ್’ ಎಂದಿದ್ದರೆ ಸಾಕಿತ್ತು. ಹತ್ತು ಹೆಜ್ಜೆ ದೂರದಲ್ಲಿದ್ದೆ. ಮೊದಲನೆಯ ಸೀಸೆ ಹೋದ ಮೇಲಾದರೂ ಎರಡು ಉಳಿಯುತ್ತಿದ್ದವು.

ನನ್ನ ಥೀಸಿಸ್ಸನ್ನು ಅವರು ಅದಕ್ಕೆ ಮೊದಲು ಎರಡು ಸಲ ತಿರುಗಿಸಿ ಕಳಿಸಿದ್ದರು. ಸರ್ ತಪ್ಪು ಮಾಡುತ್ತಿರುವುದನ್ನು ಎತ್ತಿ ತೋರಿಸಿದವನ ಥೀಸಿಸ್ ಮೂರನೆಯ ಸಲವೂ ತಿರುಗಿ ಬರುತ್ತದೆ ಎಂದು ಹೆದರಿದೆ. ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಇಲ್ಲ.

ಮಂಗಳವಾರ ಕಮಿಟಿಯ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಬಿರಡೆಯ ಮಾತು ಯಾರೂ ಎತ್ತಲಿಲ್ಲ ಎಂದು ಗೊತ್ತಾದಾಗ ಸಮಾಧಾನವಾಯಿತು ಗಗನ. ಸಂಜೆ ನೀನು ಯಾರು ಎಂದು ಕೇಳಿದಾಗ ಹೆಸರು ನಾಲಿಗೆಯ ಮೇಲೇ ಇತ್ತು. ಸರ್ ಶುಕ್ರವಾರ ಸಹಿ ಹಾಕುವೆನೆಂದಿದ್ದರು. ಶುಕ್ರವಾರ ಆಗಲಿ, ಶನಿವಾರ ಹೇಳುತ್ತೇನೆ ಎಂದುಕೊಂಡು ನೆಲ ನೋಡಿದೆ. ಸಹಿ ಆಯಿತು. ಶನಿವಾರ ನಿಮ್ಮ ಮನೆಗೆ ಬಂದದ್ದು ಹೇಳಲೆಂದೇ. ನೀನು ಎರಡೇ ಮಾತಾಡಿ ಒಳಗೆ ಹೋದೆ. ಎರಡನೆಯ ಸಲ ಬಂದಾಗ ಅಮ್ಮ ಮಜ್ಜಿಗೆ ಕೊಟ್ಟು ‘ನೀನು ಅಂಥೋನಲ್ಲ ಅಂತ ನಂಗೊತ್ತು ಕಣಪ್ಪ’ ಎಂದರು. ಅದಾದ ಮೇಲೆ ಬಾಯಿ ತೆರೆಯುವುದು ನನ್ನಿಂದ ಆಗಲಿಲ್ಲ.

ನೀನು ಹೆದರಿಕೊಂಡು ಕಮಿಟಿಯಲ್ಲಿ ಸುಮ್ಮನಿದ್ದೆ ಎಂದು ತಿಳಿದಿದ್ದೆ. ನನ್ನ ಸಹಿಗಾಗಿ ಎಂದು ಈಗ ನಿನ್ನ ಕಾಗದದಿಂದ ತಿಳಿಯಿತು. ಅದೇ ಸಹಿಗೆ ನಾನೂ ಬಾಯಿ ಮುಚ್ಚಿಕೊಂಡಿದ್ದೆ. ಆ ಡಿಗ್ರಿಯ ಮೇಲೆ ಹದಿಮೂರು ವರ್ಷದಿಂದ ಪಾಠ ಹೇಳುತ್ತಿದ್ದೇನೆ.

ಹೆಂಡತಿಗೆ ಹೇಳಿದೆ. ‘ಇದನ್ನ ಅವರಿಗೆ ಯಾವಾಗ ಬರೀತೀರಾ?’ ಎಂದಷ್ಟೇ ಕೇಳಿದಳು.

ನೀನು ಮೂರು ಕಡೆ ಕ್ಷಮಿಸು ಎಂದು ಬರೆದಿದ್ದೀಯೆ. ಓದಿದಾಗ ಒಂದು ಗಳಿಗೆ, ಇದನ್ನು ಹೀಗೇ ಇಟ್ಟುಕೊಂಡುಬಿಡಲೇ ಅನ್ನಿಸಿತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಿನ್ನ ಕಾಗದವನ್ನು ಇದರ ಜೊತೆಗಿಟ್ಟು ನಿನಗೇ ವಾಪಸ್ ಕಳಿಸುತ್ತಿದ್ದೇನೆ. ಅದು ನನಗೆ ಬರಬೇಕಾದದ್ದಲ್ಲ.

ಪ್ರಸನ್ನ